ರಾತ್ರಿ ಘಟ್ಟದ ಗಾಳಿ, ಮಧ್ಯಾಹ್ನ ಕಡಲ ಗಾಳಿ

ಡಿಸೆಂಬರಿನ ಬೆಳಗಿನ ಜಾವ. ಹೊನ್ನಾವರದಲ್ಲಿ ಶರಾವತಿ ದಂಡೆಯ ಮನೆಗಳಲ್ಲಿ ಒಲೆ ಹೊತ್ತಿದೆ. ಹಂಚಿನ ಸಂದಿಯಿಂದ ಹೊರಬಿದ್ದ ಹೊಗೆ ನೇರ ಮೇಲೇರದೆ ಮಾಡಿಗೆ ತಾಗಿಕೊಂಡೇ ಪಡುವಣಕ್ಕೆ, ಕಡಲ ಕಡೆಗೆ ಜಾರುತ್ತಿದೆ. ಹೊಳೆಯ ಮೇಲೆ ಬೀಸಿ ಬರುವ ಗಾಳಿಯಲ್ಲಿ ಉಪ್ಪಿಲ್ಲ. ಒದ್ದೆ ಎಲೆಯ, ಕಾಡಿನ ವಾಸನೆಯಿದೆ. ಎಂಟೊಂಬತ್ತು ಗಂಟೆಗೆ ಅದು ನಿಂತೇಹೋಗುತ್ತದೆ. ಅಳಿವೆಯ ಆಚೆ ಕಡಲು ಎಣ್ಣೆ ಸುರಿದ ಹಾಗೆ ಮಲಗುತ್ತದೆ. ಹನ್ನೊಂದರ ಸುಮಾರಿಗೆ ದೂರದಲ್ಲಿ ನೀರಿನ ಬಣ್ಣ ಕಪ್ಪಾಗಿ, ಆ ಕಪ್ಪು ಗೆರೆ ದಡದತ್ತ ಹರಿದು ಬರುತ್ತದೆ. ತೆಂಗಿನ ಗರಿಗಳು ಒಂದೊಂದಾಗಿ ಮೂಡಣಕ್ಕೆ ಮುಖ ತಿರುಗಿಸುತ್ತವೆ. ಎರಡು ಗಂಟೆಗೆ ಅಂಗಳದಲ್ಲಿ ಒಣಹಾಕಿದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ.

ಕರಾವಳಿಯಲ್ಲಿ ಹುಟ್ಟಿದವರಿಗೆ ಇದು ಹೊಸದಲ್ಲ. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ಅಷ್ಟೂ ಬಂದರುಗಳು ನೂರಾರು ವರ್ಷ ಬದುಕಿದ್ದು ಇದೇ ವೇಳಾಪಟ್ಟಿಯ ಮೇಲೆ ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಪತ್ತೆಮಾರಿ, ಮಚ್ವೆ, ಮಂಜಿ ಎಂದು ಕರೆಯುತ್ತಿದ್ದ ಹಾಯಿ ಹಡಗುಗಳು ಈ ಎರಡು ಗಾಳಿಗಳನ್ನು ಹಿಡಿದು ಊರಿಂದೂರಿಗೆ ಹೋಗುತ್ತಿದ್ದವು. ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಕುಮಟಾ, ಹೊನ್ನಾವರ, ಭಟ್ಕಳ, ಗಂಗೊಳ್ಳಿ ಎಲ್ಲ ಒಂದರ ಹಿಂದೊಂದು ಬಂದುಹೋಗುವ ಪೇಟೆಗಳು. ಅವುಗಳ ಮುಖ ಇರುವುದು ಪಡುವಣಕ್ಕೆ. ಹೆದ್ದಾರಿ ನಮಗೆ ತೋರಿಸುವುದು ಅವುಗಳ ಬೆನ್ನನ್ನು.

ಎರಡು ಗಾಳಿಗಳ ಲೆಕ್ಕ

ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡರಲ್ಲೂ ನಿಧಾನ. ಬಿಸಿಲೇರಿದಂತೆ ನೆಲದ ಮೇಲಿನ ಗಾಳಿ ಕಾದು ಮೇಲಕ್ಕೆ ಹೋಗುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ನಮ್ಮ ತೀರದಲ್ಲಿ ಇದು ಮಧ್ಯಾಹ್ನದ ಹೊತ್ತಿಗೆ ವಾಯವ್ಯಕ್ಕೆ ತಿರುಗಿ ಬಲವಾಗಿ ಬೀಸುತ್ತದೆ. ಸೂರ್ಯ ಮುಳುಗಿದ ಮೇಲೆ ಇಳಿದು, ಕೆಲವು ಗಂಟೆ ಗಾಳಿಯೇ ಇರುವುದಿಲ್ಲ. ರಾತ್ರಿ ನೆಲ ಆರಿ, ಕಡಲಿಗಿಂತ ತಣ್ಣಗಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಘಟ್ಟದ ಇಳಿಜಾರಿನಿಂದ ತಂಪು ಗಾಳಿ ಕೆಳಗಿಳಿದು ಕಡಲಿಗೆ ಹೊರಡುತ್ತದೆ. ಕಾಳಿ, ಅಘನಾಶಿನಿ, ಶರಾವತಿ ಕೊರೆದ ಕಣಿವೆಗಳಲ್ಲಿ ಅದಕ್ಕೆ ದಾರಿ ಸಲೀಸು, ಹಾಗಾಗಿ ಹೊಳೆಯ ಬಾಯಿಯಲ್ಲಿ ಅದರ ಜೋರು ಹೆಚ್ಚು.

ತೆಂಕಣಕ್ಕೆ ಹೋಗುವ ಹಡಗಿಗೆ ಇದರಲ್ಲಿ ಕಷ್ಟವೇನಿಲ್ಲ. ವಾಯವ್ಯದ ಗಾಳಿ ಬೆನ್ನಿಗೆ ಬಂದು ನೂಕುತ್ತದೆ. ಹಡಗು ನಡೆಸುವ ತಾಂಡೇಲನ ವಿದ್ಯೆ ಪರೀಕ್ಷೆಗೆ ಬರುವುದು ಬಡಗಣಕ್ಕೆ, ಅಂದರೆ ಗೋವಾ, ಮುಂಬಯಿ ಕಡೆಗೆ ಹೊರಟಾಗ. ಆಗ ಅವನು ನಡುರಾತ್ರಿ ಲಂಗರು ಎತ್ತುತ್ತಾನೆ. ಘಟ್ಟದ ಗಾಳಿಯಲ್ಲಿ ದಡ ಬಿಟ್ಟು ದೂರ ಹೋಗುತ್ತಾನೆ, ಹೋಗುತ್ತಲೇ ಬಡಗಣಕ್ಕೆ ಎಷ್ಟು ಸಾಧ್ಯವೋ ಅಷ್ಟು ಏರುತ್ತಾನೆ. ಬೆಳಿಗ್ಗೆ ಗಾಳಿ ಸತ್ತಾಗ ಸುಮ್ಮನೆ ಕಾಯುತ್ತಾನೆ, ಗಂಜಿ ಬೇಯುತ್ತದೆ. ಕಡಲ ಗಾಳಿ ಎದ್ದಾಗ ಹಾಯಿ ಬದಲಿಸಿ, ಓರೆಯಾಗಿ ದಡದತ್ತ ಬರುತ್ತಾನೆ. ಲೆಕ್ಕ ಸರಿಯಾಗಿದ್ದರೆ ಸಂಜೆಗೆ ಅವನೆದುರು ಇರುವುದು ಮುಂದಿನ ಬಂದರು. ತಪ್ಪಿದ್ದರೆ ಹಿಂದಿನ ದಿನ ಹೊರಟ ಬಂದರೇ ಮತ್ತೆ ಕಾಣುವುದೂ ಉಂಟು.

ಎದುರು ಗಾಳಿಯಲ್ಲಿ ಹಡಗು ಮುಂದೆ ಹೋಗುವುದು ಹೇಗೆ ಎಂದು ಕೇಳುವವರಿದ್ದಾರೆ. ನೇರ ಎದುರಿಗೆ ಯಾವ ಹಾಯಿಯೂ ಹೋಗಲಾರದು, ಓರೆಯಾಗಿ ಹೋಗಬಲ್ಲದು. ತಿಂದ ಮಾವಿನ ಗೊರಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಒತ್ತಡ ಎರಡೂ ಪಕ್ಕದಿಂದ, ಗೊರಟೆ ಚಿಮ್ಮುವುದು ಮುಂದಕ್ಕೆ. ಹಾಯಿಗೆ ಒಂದು ಪಕ್ಕದಿಂದ ಗಾಳಿಯ ಒತ್ತು, ನೀರೊಳಗಿನ ಒಡಲಿಗೆ ಇನ್ನೊಂದು ಪಕ್ಕದಿಂದ ನೀರಿನ ತಡೆ. ಎರಡರ ನಡುವೆ ಹಡಗು ಜಾರಿ ಮುಂದೆ ಹೋಗುತ್ತದೆ. ಹಾವಿನ ಹಾಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸಾಗಿದರೆ ಗಾಳಿ ಬರುವ ದಿಕ್ಕಿಗೇ ತಲುಪಬಹುದು. ಇಂದಿನ ಯಾಟ್‌ಗಳು ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲವು. ಹಳೆಯ ಪತ್ತೆಮಾರಿಗೆ ಅಷ್ಟು ಬಿಗಿಯಾಗಿ ಏರಲು ಆಗುತ್ತಿರಲಿಲ್ಲ. ಅದಕ್ಕೇ ಅದರ ತಾಂಡೇಲನಿಗೆ ಗಾಳಿಯ ಗಂಟೆಗಳು ಅಷ್ಟು ಮುಖ್ಯ.

ಒಂದು ಗಾಳಿಯಷ್ಟು ದೂರ

ನಕಾಶೆ ಹಿಡಿದು ಕೂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಾರವಾರದಿಂದ ತದಡಿಗೆ ಕಡಲ ಮೇಲೆ ಹತ್ತಿರ ಹತ್ತಿರ 20 ನಾಟಿಕಲ್ ಮೈಲಿ. ತದಡಿಯಿಂದ ಹೊನ್ನಾವರಕ್ಕೆ 15ರ ಆಸುಪಾಸು. ಅಲ್ಲಿಂದ ಭಟ್ಕಳಕ್ಕೆ, ಭಟ್ಕಳದಿಂದ ಗಂಗೊಳ್ಳಿಗೆ, ಗಂಗೊಳ್ಳಿಯಿಂದ ಮಲ್ಪೆಗೆ ಮತ್ತೆ ಇಪ್ಪತ್ತರ ಸುತ್ತಮುತ್ತ. ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಗಂಟೆಗೆ ಮೂರು ನಾಲ್ಕು ಮೈಲಿ ಹೋಗುವ ತುಂಬಿದ ಹಡಗಿಗೆ ಇದು ಐದಾರು ಗಂಟೆಯ ದಾರಿ. ಕಡಲ ಗಾಳಿ ಮಧ್ಯಾಹ್ನ ಬಲವಾಗಿ ಬೀಸುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಬಂದರುಗಳು ಹುಟ್ಟಿದ್ದು ಹೊಳೆಗಳು ಕಡಲು ಸೇರುವಲ್ಲಿ, ಹೊಳೆಗಳನ್ನು ಅಲ್ಲಿಗೆ ತಂದದ್ದು ಘಟ್ಟ. ಆದರೂ ಒಂದು ಬಂದರು ಬಿಟ್ಟರೆ ಅದೇ ಸಂಜೆ ಇನ್ನೊಂದು ಸಿಗುತ್ತದೆ ಎನ್ನುವ ಭರವಸೆ ಈ ತೀರಕ್ಕೆ ದೊಡ್ಡ ವರವಾಯಿತು. ಕರ್ನಾಟಕದ ಕರಾವಳಿ ಸುಮಾರು 300 ಕಿಲೋಮೀಟರ್. ಅಷ್ಟರಲ್ಲಿ ಇಷ್ಟೊಂದು ಬಾಗಿಲುಗಳು! ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹಂಚು ಹೊರಗೆ ಹೋದದ್ದು ಹಾಯಿಯಲ್ಲಿ. ಹುಬ್ಬಳ್ಳಿ, ಧಾರವಾಡದ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು, ಬೇರೆ ದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಬಸ್ರೂರು, ಮಂಗಳೂರಿನ ಅಕ್ಕಿಯನ್ನು ಗೋವಾ ಉಂಡಿದೆ, ಮಸ್ಕತ್ ಉಂಡಿದೆ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಈ ದಾರಿಯಲ್ಲಿ ಬಂದವನು. ಗೋವಾದಿಂದ ಕಡಲ ಮೇಲೆ ಹೊನ್ನಾವರಕ್ಕೆ, ಅಲ್ಲಿಂದ ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆಗೆ, ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿಗೆ. ಮತ್ತೆ ಘಟ್ಟವಿಳಿದು ಬಸ್ರೂರು, ಮಂಗಳೂರು, ಉಳ್ಳಾಲ. ಶರಾವತಿಯ ಆ ದೋಣಿ ಪಯಣವನ್ನು ಅವನು ಮನಸಾರೆ ಹೊಗಳಿದ್ದಾನೆ. ನಾಲ್ಕು ಶತಮಾನದ ಹಿಂದೆ ನಮ್ಮ ನಾಡನ್ನು ಅಷ್ಟು ಹತ್ತಿರದಿಂದ ನೋಡಲು ಅವನಿಗೆ ಸಾಧ್ಯವಾದದ್ದು ಹಾಯಿ, ಹುಟ್ಟು ಮತ್ತು ಕಾಲುಗಳಿಂದ. ನಾವು ಹಾಗೆ ನೋಡುವುದನ್ನು ಬಿಟ್ಟಿದ್ದೇವೆ.

ಅಳಿವೆ ಎಂಬ ಹೊಸ್ತಿಲು

ಗಾಳಿ ಸಿಕ್ಕಿದ ಮಾತ್ರಕ್ಕೆ ಬಂದರು ಸಿಗುವುದಿಲ್ಲ. ಹೊಳೆ ತಂದ ಮರಳೂ ಕಡಲು ತಂದ ಮರಳೂ ಎದುರಾಗುವ ಜಾಗ ಅಳಿವೆ. ಅಲ್ಲಿ ನೀರೊಳಗೆ ಒಂದು ದಿಬ್ಬ ಬೆಳೆಯುತ್ತದೆ, ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಕಳೆದ ವರ್ಷದ ದಾರಿ ಈ ವರ್ಷ ಇರುತ್ತದೆ ಎಂಬ ಖಾತ್ರಿಯಿಲ್ಲ. ದಿಬ್ಬದ ಮೇಲೆ ಅಲೆ ಒಡೆಯುವಾಗ ಒಳನುಗ್ಗಿದ ದೋಣಿ ಅಡ್ಡ ತಿರುಗಿ ಮಗುಚಿಕೊಳ್ಳುತ್ತದೆ. ಇಂಜಿನ್ ಇರುವ ಮೀನುದೋಣಿಗಳು ಇಂದಿಗೂ ಅಳಿವೆಗಳಲ್ಲಿ ಮಗುಚುತ್ತಿವೆ, ಜೀವಗಳು ಹೋಗುತ್ತಿವೆ. ಕಡಲಿನಲ್ಲಿ ನೂರು ಮೈಲಿ ಸುತ್ತಿ ಬಂದವನು ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ ಮುಳುಗುವ ಈ ಸಂಕಟಕ್ಕೆ ಕರಾವಳಿಯ ಮೀನುಗಾರ ಕೇರಿಗಳಲ್ಲಿ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಾಗಾಗಿ ಉಬ್ಬರಕ್ಕೆ ಕಾಯಬೇಕು. ನಮ್ಮ ತೀರದಲ್ಲಿ ಉಬ್ಬರ ದೊಡ್ಡದಲ್ಲ, ಹುಣ್ಣಿಮೆ ಅಮಾವಾಸ್ಯೆಯಲ್ಲೂ ಎರಡು ಮೀಟರ್ ದಾಟುವುದು ಅಪರೂಪ. ಅಷ್ಟಮಿಯ ಹೊತ್ತಿಗೆ ಅದು ಇನ್ನೂ ಸಣ್ಣದು. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಗಾಳಿಗೆ ಒಂದು ಗಡಿಯಾರ, ನೀರಿಗೆ ಇನ್ನೊಂದು. ಎರಡೂ ಕೂಡಿ ಬಂದ ಸಂಜೆ ತಾಂಡೇಲ ನೇರ ಒಳಗೆ ಬರುತ್ತಾನೆ, ಕೂಡದ ಸಂಜೆ ಹೊರಗೆ ಲಂಗರು ಹಾಕಿ ರಾತ್ರಿ ಕಳೆಯುತ್ತಾನೆ. ತಿಥಿ ನೋಡಿ ಹೊರಡುವುದು ಅವನಿಗೆ ಶಾಸ್ತ್ರದ ಮಾತಾಗಿರಲಿಲ್ಲ. ಪಂಚಾಂಗವೇ ಅವನ ಉಬ್ಬರದ ಪಟ್ಟಿ.

ಆಳ ನೋಡುವ ರೀತಿ ಸರಳ. ಹಗ್ಗದ ತುದಿಗೆ ಕಟ್ಟಿದ ಸೀಸದ ಗುಂಡು, ಅದರ ಬುಡದಲ್ಲೊಂದು ಕುಳಿ, ಕುಳಿಯಲ್ಲಿ ಒತ್ತಿದ ಮೇಣ ಅಥವಾ ಕೊಬ್ಬು. ಹಡಗಿನ ಮೂತಿಯಲ್ಲಿ ನಿಂತವನು ಗುಂಡನ್ನು ಮುಂದಕ್ಕೆ ಬೀಸಿ ಎಸೆಯುತ್ತಾನೆ. ಅದು ತಳ ಮುಟ್ಟಿದ ಕ್ಷಣ ಹಗ್ಗ ಸಡಿಲವಾಗುತ್ತದೆ. ಎರಡೂ ಕೈ ಚಾಚಿ ಹಗ್ಗವನ್ನು ಅಳೆಯುತ್ತಾ ಮೇಲೆಳೆಯುತ್ತಾನೆ: ಒಂದು ಮಾರು, ಎರಡು ಮಾರು. ಹೂವಾಡಗಿತ್ತಿ ಮಲ್ಲಿಗೆ ಅಳೆಯುವ ಅದೇ ಮಾರು. ಕಡಲಿನ ಆಳಕ್ಕೆ ಇಂಗ್ಲಿಷರು ಬಳಸಿದ ಅಳತೆಯೂ ಚಾಚಿದ ತೋಳುಗಳದ್ದೇ. ಗುಂಡು ಮೇಲೆ ಬಂದಾಗ ಮೇಣಕ್ಕೆ ಏನು ಅಂಟಿದೆ ಎಂದು ಬೆರಳಲ್ಲಿ ಉಜ್ಜಿ ನೋಡುತ್ತಾನೆ. ದಪ್ಪ ಮರಳೋ, ಕಪ್ಪು ಕೆಸರೋ, ಚಿಪ್ಪಿನ ಚೂರೋ? ಕತ್ತಲಲ್ಲಿ, ಮಂಜಿನಲ್ಲಿ ಯಾವ ಹೊಳೆಯ ಎದುರಿಗಿದ್ದೇನೆ ಎಂಬುದನ್ನು ಆ ಚಿಟಿಕೆ ಮಣ್ಣು ಹೇಳುತ್ತಿತ್ತು.

ಮರ, ನಾರು, ಮೀನೆಣ್ಣೆ

ಪತ್ತೆಮಾರಿಗೆ ಸಾಮಾನ್ಯವಾಗಿ ಎರಡು ಕೂವೆ, ಅಂದರೆ ಹಾಯಿಕಂಬ, ಎರಡೂ ಮುಂದಕ್ಕೆ ಬಾಗಿದವು. ದೊಡ್ಡವು 200 ಟನ್‌ವರೆಗೆ ಸರಕು ಹೊರುತ್ತಿದ್ದವು. ಕೂವೆಗೆ ಸಹ್ಯಾದ್ರಿಯ ಕಾಡಿನ ನೀಳ, ನೇರ ಹೊನ್ನೆ ಜಾತಿಯ ಮರ. ಅದಕ್ಕೆ ತೂಗುಬಿಟ್ಟ ಉದ್ದನೆಯ ಓರೆಮರಕ್ಕೆ ಹಾಯಿ ಕಟ್ಟುತ್ತಾರೆ. ಒಂದೇ ಮರ ಅಷ್ಟು ಉದ್ದ ಸಿಗದಿದ್ದರೆ ಎರಡು ಮೂರು ತುಂಡು ಜೋಡಿಸಿ ಹಗ್ಗದಿಂದ ಬಿಗಿಯುತ್ತಾರೆ. ದಿಕ್ಕು ಬದಲಿಸುವಾಗ ಈ ಇಡೀ ಮರವನ್ನು ಕೂವೆಯ ಮುಂದಿನಿಂದ ಎತ್ತಿ ಆಚೆ ಬದಿಗೆ ತರಬೇಕು. ಗಾಳಿ ಜೋರಿದ್ದಾಗ ಕೈಬಿಟ್ಟ ಒಂದು ಹಗ್ಗ ಮನುಷ್ಯನನ್ನು ಕಡಲಿಗೆ ಒಗೆಯಬಲ್ಲದು. ಖಲಾಸಿಗಳು ಒಂದೇ ಉಸಿರಲ್ಲಿ ಕೂಗಿ ಎಳೆಯುತ್ತಿದ್ದದ್ದು ಅದಕ್ಕೇ.

ಒಡಲಿಗೆ ತೇಗ. ನೀರಿನ ಮೇಲಿನ ಭಾಗಕ್ಕೆ ಮೀನೆಣ್ಣೆ, ಕೆಳಭಾಗಕ್ಕೆ ಸುಣ್ಣ ಮತ್ತು ಕೊಬ್ಬು ಕಲಸಿದ ಗಾರೆ. ಕಡಲಿನಲ್ಲಿ ಮರ ಕೊರೆಯುವ ಹುಳು ಒಂದಿದೆ, ಗಾರೆ ಇಲ್ಲದಿದ್ದರೆ ಹಲಗೆಯನ್ನು ಜರಡಿ ಮಾಡಿಬಿಡುತ್ತದೆ. ಮುಂಬಯಿಯಿಂದ ಗೋವಾಕ್ಕೆ 1847ರಲ್ಲಿ ಪತ್ತೆಮಾರಿಯಲ್ಲಿ ಬಂದ ರಿಚರ್ಡ್ ಬರ್ಟನ್ ಆ ಪಯಣದ ಬಗ್ಗೆ ಬರೆದಿದ್ದಾನೆ. ಆಗ ಸಿರಿವಂತರಿಗೆ ಉಗಿಹಡಗು ಬಂದಾಗಿತ್ತು, ಉಳಿದವರಿಗೆಲ್ಲ ಹಾಯಿಯೇ ಗತಿ.

ಮುಂಗಾರಿನಲ್ಲಿ ಎಲ್ಲವೂ ಬಂದ್. ಜೂನ್ ಬರುವ ಮುಂಚೆ ಹಡಗುಗಳನ್ನು ಹೊಳೆಯ ಒಳಭಾಗಕ್ಕೆ ತಂದು, ದಡಕ್ಕೆಳೆದು, ತೆಂಗಿನ ಮಡಲು ಹೊದಿಸುತ್ತಿದ್ದರು. ಬಡಗಿಗಳಿಗೆ, ಹಾಯಿ ಹೊಲಿಯುವವರಿಗೆ ಅದು ಕೆಲಸದ ಕಾಲ. ನೂಲಹುಣ್ಣಿಮೆಯಂದು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಪೂಜೆ. ಕಡಲು ನಿಜವಾಗಿ ಶಾಂತವಾಗಲು ಇನ್ನೂ ಕೆಲವು ವಾರ ಬೇಕು, ಆದರೂ ಆ ಹುಣ್ಣಿಮೆಯಿಂದ ಮನೆಗಳಲ್ಲಿ ಹೊರಡುವ ಮಾತು ಶುರುವಾಗುತ್ತಿತ್ತು.

ಕಡಲಿನಿಂದ ಕಂಡ ಊರುಗಳು

ನವೆಂಬರಿನಿಂದ ಫೆಬ್ರವರಿಯವರೆಗೆ, ಬಡಗಣದಿಂದ ತೆಂಕಣಕ್ಕೆ ಹೋಗುವುದು ಸುಖದ ದಾರಿ. ಕಾಳಿಯ ಬಾಯಲ್ಲಿ ಸದಾಶಿವಗಡದ ಗುಡ್ಡ, ಎದುರಿಗೆ ಕೂರ್ಮಗಡ, ದೇವಗಡದ ದೀಪಸ್ತಂಭ. ದ್ವೀಪಗಳ ಮರೆಯಲ್ಲಿರುವುದರಿಂದಲೇ ಕಾರವಾರದ ಕೊಲ್ಲಿ ಅಷ್ಟು ಶಾಂತ. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ತರುಣ ರವೀಂದ್ರನಾಥ ಟಾಗೋರರನ್ನು ಹಿಡಿದಿಟ್ಟ ಕೊಲ್ಲಿ ಇದು. ಕೂರ್ಮಗಡದ ನರಸಿಂಹನ ಜಾತ್ರೆಗೆ ಜನ ಇಂದಿಗೂ ದೋಣಿಗಳಲ್ಲೇ ಹೋಗುತ್ತಾರೆ. ಬಂದರುಗಳನ್ನು ನೀರಿನ ಮೂಲಕ ತಲುಪುವ ಅಭ್ಯಾಸ ಆ ಒಂದು ದಿನವಾದರೂ ಮರಳಿ ಬರುತ್ತದೆ.

ತದಡಿಯದು ಬೇರೆ ಚೆಲುವು. ಅಲ್ಲಿ ಕಡಲು ಸೇರುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಘಟ್ಟದಿಂದ ಹೊರಟ ನೀರು ತಡೆಯಿಲ್ಲದೆ ಕಡಲು ಮುಟ್ಟುತ್ತದೆ. ಒಳಗೆ ಕಾಂಡ್ಲ ಗಿಡಗಳು, ಇಳಿತದಲ್ಲಿ ಸೊಂಟದ ನೀರಲ್ಲಿ ನಿಂತು ಬಳಚು ಆರಿಸುವ ಹೆಂಗಸರು, ಸಾಣಿಕಟ್ಟೆಯ ಉಪ್ಪಿನ ಗದ್ದೆ, ಇನ್ನೂ ಒಳಗೆ ಮಿರ್ಜಾನದ ಕೋಟೆ. ಆ ಕೋಟೆಗೆ ರಸ್ತೆಯಿಂದ ಹೋದವರಿಗೆ ಅದು ಅಲ್ಲೇಕಿದೆ ಎಂದು ತಿಳಿಯುವುದು ಕಷ್ಟ. ನೀರಿನಲ್ಲಿ ಬಂದರೆ ತಾನೇ ತಿಳಿಯುತ್ತದೆ: ಘಟ್ಟವಿಳಿದ ಮೆಣಸು ಹೊಳೆ ಸೇರುವ ಜಾಗಕ್ಕೆ ಅದು ಕಾವಲು.

ಹೊನ್ನಾವರ ದಾಟಿದರೆ ಮುರ್ಡೇಶ್ವರ. ಹಿಂದಿನವರು ಘಟ್ಟದ ಶಿಖರಗಳನ್ನು ನೋಡಿ ಜಾಗ ಗುರುತಿಸುತ್ತಿದ್ದರು. 1343 ಮೀಟರಿನ ಕೊಡಚಾದ್ರಿ ಅಂಥದೊಂದು ಗುರುತು. ಇಂದು ಮುರ್ಡೇಶ್ವರದ ಗೋಪುರವೂ ಶಿವನ ವಿಗ್ರಹವೂ ಅದೇ ಕೆಲಸ ಮಾಡುತ್ತವೆ. ಎದುರಿಗೆ ಕಡಲಿನಲ್ಲಿ ನೇತ್ರಾಣಿ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡಿ ಕಡಲಿಗೆ ಬೀಳುತ್ತವೆ. ಅಲ್ಲಿಂದ ಒಳಗೆ ಹೋದರೆ ಬಸ್ರೂರು, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಮಾಡಿದಷ್ಟು ಸಿರಿವಂತ ಪೇಟೆ. ಈಗ ಹೋದರೆ ತೆಂಗಿನ ತೋಟ, ಗುಡಿಗಳು, ಹೊಳೆ ಮತ್ತು ಮೌನ. ನನಗೆ ಈ ತೀರದಲ್ಲಿ ಅದಕ್ಕಿಂತ ಮನಸ್ಸು ಕಲಕುವ ಊರು ಇನ್ನೊಂದಿಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು, ಕಾಪುವಿನ ಬಂಡೆಯ ಮೇಲೆ 1901ರಿಂದ ಉರಿಯುತ್ತಿರುವ ದೀಪ, ಕೊನೆಗೆ ನೇತ್ರಾವತಿ ಫಲ್ಗುಣಿಗಳು ಕೂಡುವ ಮಂಗಳೂರಿನ ಅಳಿವೆ. ಮಲ್ಪೆಯಿಂದ ಇಲ್ಲಿಗೆ 30 ಮೈಲಿಯಷ್ಟು, ದಾರಿಯಲ್ಲೇ ಅತಿ ಉದ್ದದ ಹಾಸು. ಬೇಗ ಹೊರಡಬೇಕು.

ಇಂದು ಹೊರಟರೆ

ಇಂಜಿನ್ ಬಂದಿತು, ಹೊಳೆಗಳಿಗೆ ಸೇತುವೆ ಬಂದವು, 1970ರ ದಶಕದಲ್ಲಿ ಪಣಂಬೂರಿನ ದೊಡ್ಡ ಬಂದರು, 1998ರಲ್ಲಿ ಕೊಂಕಣ ರೈಲು. ಸರಕು ಲಾರಿ ಹತ್ತಿತು. ಸಣ್ಣ ಬಂದರುಗಳು ಮೀನುಗಾರಿಕೆಯಿಂದ ಉಸಿರು ಹಿಡಿದುಕೊಂಡವು. ಹಾಯಿ ಮಡಚಿ ಅಟ್ಟ ಸೇರಿತು.

ಈಗ ಎಂಟು ಹತ್ತು ಮೀಟರಿನ ಸಣ್ಣ ಯಾಟ್ ಒಂದರಲ್ಲಿ ಈ ದಾರಿ ಹಿಡಿಯುವವರು ಬೆರಳೆಣಿಕೆಯಷ್ಟು. ತೊಡಕುಗಳು ನಿಜವಾದವು. ಯಾಟಿನ ಒಡಲಿನ ಕೆಳಗಿನ ರೆಕ್ಕೆ ಒಂದೂವರೆ ಮೀಟರಿಗೂ ಆಳಕ್ಕೆ ಇಳಿದಿರುತ್ತದೆ, ಹಲವು ಅಳಿವೆಗಳು ಅದಕ್ಕೆ ಉಬ್ಬರದಲ್ಲಿ ಮಾತ್ರ ದಾರಿ ಕೊಡುತ್ತವೆ. ರಾತ್ರಿ ಮೀನುಬಲೆಗಳು, ದೀಪವಿಲ್ಲದ ದೋಣಿಗಳು. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಎಲ್ಲೆಂದರಲ್ಲಿ ಹೋಗುವಂತಿಲ್ಲ. ಬಂದರು ಅಧಿಕಾರಿಗಳಿಗೂ ಕರಾವಳಿ ಕಾವಲು ಪೊಲೀಸರಿಗೂ ಮೊದಲೇ ತಿಳಿಸಿರಬೇಕು. ಮೀನುಗಾರರ ಧಕ್ಕೆಯಲ್ಲಿ ಜಾಗ ಕೇಳುವಾಗ ಅದು ಅವರ ಅನ್ನದ ಜಾಗ ಎಂಬುದು ನೆನಪಿರಬೇಕು. ಅಳಿವೆಯ ಈ ವರ್ಷದ ದಾರಿ ಯಾವುದೆಂದು ಗೊತ್ತಿರುವುದೂ ಅವರಿಗೇ.

ಹಾಯಿ ಯಾನ ಎಂದಾಗಲೆಲ್ಲ ನಮ್ಮಲ್ಲಿ ಕೋಟಿಗಟ್ಟಲೆಯ ಮರೀನಾ, ಹೋಟೆಲು, ಕ್ರೂಸ್ ಎಂಬ ಮಾತು ಮೊದಲು ಬರುತ್ತದೆ. ಈ ತೀರಕ್ಕೆ ಅದು ಬೇಕಿಲ್ಲ ಎಂದೇ ನಾನು ನಂಬಿದ್ದೇನೆ. ಪ್ರತಿ ಹೊಳೆಯೊಳಗೆ ನಾಲ್ಕು ದೋಣಿ ಕಟ್ಟಲು ಒಂದು ಮರದ ಕಟ್ಟೆ, ಕುಡಿಯುವ ನೀರಿನ ನಲ್ಲಿ, ಊರಿನ ಮಕ್ಕಳಿಗೆ ಸಣ್ಣ ಹಾಯಿದೋಣಿಯಲ್ಲಿ ಪಾಠ. ಇಷ್ಟಾದರೆ ಮಧ್ಯಾಹ್ನದ ಗಾಳಿಯನ್ನು ಓದಬಲ್ಲ ಒಂದು ತಲೆಮಾರು ಮತ್ತೆ ಬರುತ್ತದೆ. ಹಿರಿಯ ತಾಂಡೇಲರು ಇನ್ನೂ ಕೆಲವರು ಇದ್ದಾರೆ. ಕಲಿಸಿ ಎಂದು ಕೇಳುವವರಿಲ್ಲ.

ಆಸೆ ಹುಟ್ಟಿಸುವ ಒಂದು ಘಟನೆ 2025ರ ಮೇ 21ರಂದು ಕಾರವಾರದಲ್ಲೇ ನಡೆಯಿತು. ಅಜಂತಾದ ಚಿತ್ರವೊಂದನ್ನು ನೋಡಿ, ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಗೋವಾದಲ್ಲಿ ಕಟ್ಟಿದ ಹಾಯಿ ಹಡಗು ‘ಕೌಂಡಿನ್ಯ’ ಅಂದು ನೌಕಾಪಡೆ ಸೇರಿತು. ಅದರ ಹಾಯಿಯ ಮೇಲಿರುವುದು ಸೂರ್ಯ ಮತ್ತು ನಮ್ಮ ಗಂಡಭೇರುಂಡ. ಆ ವರ್ಷದ ಕೊನೆಗೆ ಅದು ಪೋರಬಂದರಿನಿಂದ ಹೊರಟದ್ದು ಮಸ್ಕತ್‌ಗೆ, ಒಂದು ಕಾಲಕ್ಕೆ ನಮ್ಮ ಅಕ್ಕಿ ಇಳಿಯುತ್ತಿದ್ದ ಬಂದರಿಗೆ.

ಮಂಗಳೂರಿನ ಹಳೆ ಬಂದರಿಗೆ ಒಂದು ಸಂಜೆ ಹೋಗಿ ನೋಡಿ. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು ಧಕ್ಕೆಗೆ ತಾಗಿ ನಿಂತಿರುತ್ತವೆ. ಮರದ ಒಡಲು, ಒಳಗೆ ಡೀಸೆಲ್ ಇಂಜಿನ್. ತರಕಾರಿ ಬುಟ್ಟಿ, ಸಿಮೆಂಟ್ ಚೀಲ ತಲೆ ಮೇಲೆ ಹೊತ್ತ ಕೂಲಿಗಳು ಹಲಗೆಯ ಮೇಲೆ ನಡೆದು ಹೋಗುತ್ತಾರೆ, ಹಲಗೆ ಕೆಳಗೆ ಮೇಲೆ ಆಡುತ್ತದೆ. ಇಂಜಿನ್ ಇದ್ದರೂ ಮಳೆಗಾಲದಲ್ಲಿ ಅವು ಹೊರಡುವುದಿಲ್ಲ. ಚುಕ್ಕಾಣಿಯ ಬಳಿ ಕೂತವನು ಎರಡು ಮೂರು ಸಲ ಪಡುವಣದ ಆಕಾಶ ನೋಡುತ್ತಾನೆ, ಆಮೇಲೆ ನೀರು ಎಷ್ಟು ಏರಿದೆ ಎಂದು ಧಕ್ಕೆಯ ಕಲ್ಲಿನ ಹಸಿರು ಗೆರೆಯನ್ನು.